ರೆಸ್ಯೂಮೆಗೆ ಕ್ಯೂಆರ್ ಕೋಡ್ ಹಾಕುವುದು ಹೇಗೆ? ಲಿಂಕ್ ಮೊದಲು, ಚೌಕ ಆಮೇಲೆ

ಮುಂಬಯಿ ಪಕ್ಕದ ಡೊಂಬಿವಲಿ ಸ್ಟೇಷನ್ ಹತ್ತಿರ ನಮ್ಮದೊಂದು ಪುಟ್ಟ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಬೆಳಿಗ್ಗೆ ಶಟರ್ ಎತ್ತುವಷ್ಟರಲ್ಲಿ ಇಂಟರ್‌ವ್ಯೂಗೆ ಹೊರಟವರು ಪೆನ್‌ಡ್ರೈವ್ ಹಿಡಿದು ನಿಂತಿರುತ್ತಾರೆ. ಒಬ್ಬರಿಗೆ ಐರೋಲಿ, ಒಬ್ಬರಿಗೆ ಅಂಧೇರಿ, ಇನ್ನೊಬ್ಬರಿಗೆ ಲೋವರ್ ಪರೇಲ್. ಎಲ್ಲರಿಗೂ ಫಾಸ್ಟ್ ಲೋಕಲ್ ತಪ್ಪುತ್ತದೆ ಅನ್ನುವ ಅವಸರ. ನಾನು ಕನ್ನಡದವನು ಅಂತ ಗೊತ್ತಾದ ಕೂಡಲೇ ಹುಡುಗರು ಕೇಳುವುದು ಒಂದೇ: "ಅಣ್ಣಾ, ನನ್ನ ರೆಸ್ಯೂಮೆಗೂ ಒಂದು ಕ್ಯೂಆರ್ ಕೋಡ್ ಹಾಕಿಕೊಡ್ತೀರಾ?" ಪುಣೆಯಿಂದ, ಗೋವಾದಿಂದ ಫೋನ್ ಮಾಡುವ ನೆಂಟರ ಮಕ್ಕಳ ಪ್ರಶ್ನೆಯೂ ಇದೇ. ಹಾಗಾಗಿ ಒಂದು ಸಲ ಕೂತು ಪೂರ್ತಿ ಬರೆದುಬಿಡೋಣ ಅನಿಸಿತು.

ಕೋಡ್ ಮಾಡುವುದಕ್ಕೆ ಎರಡು ನಿಮಿಷ ಸಾಕು. ಆದರೆ ಮಾಡುವ ಮೊದಲು ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. "ಅದನ್ನು ಸ್ಕ್ಯಾನ್ ಮಾಡಿದರೆ ಏನು ತೆರೆಯಬೇಕು?" ಅಲ್ಲಿ ಬಹಳಷ್ಟು ಜನ ತಲೆ ಕೆರೆದುಕೊಳ್ಳುತ್ತಾರೆ.

ಈ ಚೌಕದೊಳಗೆ ಇರುವುದೇನು?

ಕ್ಯೂಆರ್ ಅಂದರೆ ಕ್ವಿಕ್ ರೆಸ್ಪಾನ್ಸ್, ಥಟ್ಟನೆ ಉತ್ತರ ಕೊಡುವಂಥದ್ದು. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹಾರಾ ಅವರ ತಂಡ ಇದನ್ನು ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಮಾಡಿತು. ಪುಣೆ ಹತ್ತಿರದ ಚಾಕಣದ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆ ಇದು ಹೊಸದೇನಲ್ಲ, ಬಿಡಿಭಾಗದ ಡಬ್ಬಿಗಳ ಮೇಲೆ ದಿನಾ ನೋಡುತ್ತಾರೆ. ಕಂಪನಿ ಪೇಟೆಂಟ್ ಇಟ್ಟುಕೊಂಡರೂ ಬಳಸುವವರಿಂದ ದುಡ್ಡು ಕೇಳಲಿಲ್ಲ. ಹಾಗಾಗಿ ಯಾರು ಬೇಕಾದರೂ ಮಾಡಬಹುದು. ಈಗ ವಡಾಪಾವ್ ಗಾಡಿಯಿಂದ ಮೆಟ್ರೊ ಟಿಕೆಟ್‌ವರೆಗೆ ಎಲ್ಲ ಕಡೆ ಅದೇ ಚೌಕ.

ಒಂದು ವಿಷಯ ಚೆನ್ನಾಗಿ ತಲೆಗೆ ಹಾಕಿಕೊಳ್ಳಿ. ಈ ಚೌಕದೊಳಗೆ ನಿಮ್ಮ ಫೋಟೊ, ವಿಡಿಯೊ, ಸರ್ಟಿಫಿಕೇಟು ಯಾವುದೂ ಇರುವುದಿಲ್ಲ. ಇರುವುದು ಬರೀ ಒಂದಷ್ಟು ಅಕ್ಷರ, ಸಾಮಾನ್ಯವಾಗಿ ಒಂದು ವೆಬ್ ವಿಳಾಸ. ಅದನ್ನೇ ಲಿಂಕ್ ಅಥವಾ ಯುಆರ್‌ಎಲ್ ಅನ್ನುತ್ತಾರೆ. ಮನೆ ಬಾಗಿಲಿಗೆ ಬೀಗ ಹಾಕಿದ್ದರೆ ವಿಳಾಸ ಎಷ್ಟು ಚಂದ ಬರೆದು ಕೊಟ್ಟರೂ ಬಂದವರು ವಾಪಸ್ ಹೋಗಬೇಕಾಗುತ್ತದೆ.

ನಿಮಗೆ ಇದು ಬೇಕಾ?

ಎಲ್ಲರಿಗೂ ಬೇಡ. ಕಾಗದದ ಮೇಲೆ ತೋರಿಸಲಾಗದ ಕೆಲಸ ನಿಮ್ಮಲ್ಲಿದ್ದರೆ ಬೇಕು. ಗ್ರಾಫಿಕ್ ಡಿಸೈನರ್, ಇಂಟೀರಿಯರ್ ಕೆಲಸದವರು, ಆಭರಣದ ಡಿಸೈನ್ ಮಾಡುವವರು, ಆ್ಯಪ್ ಬರೆದವರು, ಪಾಠದ ವಿಡಿಯೊ ಇರುವ ಟೀಚರ್, ಗೋವಾದ ಹೋಟೆಲುಗಳಿಗೆ ಅರ್ಜಿ ಹಾಕುವ ಶೆಫ್, ಫ್ಯಾಬ್ರಿಕೇಶನ್ ಕೆಲಸದ ಫೋಟೊ ಇಟ್ಟುಕೊಂಡ ವೆಲ್ಡರ್. ಇಂಥವರಿಗೆ ನಿಜವಾಗಿ ಉಪಯೋಗ. ವೆಲ್ಡರ್‌ಗೆ ಯಾಕೆ ಅನ್ನಬೇಡಿ. ಜಾಯಿಂಟ್ ಹತ್ತಿರದಿಂದ ತೆಗೆದ ನಾಲ್ಕು ಫೋಟೊ, "ಐದು ವರ್ಷದ ಅನುಭವ" ಅನ್ನುವ ಸಾಲಿಗಿಂತ ಜಾಸ್ತಿ ಹೇಳುತ್ತದೆ.

ಅಕೌಂಟ್ಸ್, ಬ್ಯಾಕ್ ಆಫೀಸ್, ಡೇಟಾ ಎಂಟ್ರಿ ಕೆಲಸಕ್ಕೆ ಹೋಗುವವರಿಗೆ ತೋರಿಸಲು ಬೇರೇನೂ ಇಲ್ಲದಿದ್ದರೆ ಬಿಟ್ಟುಬಿಡಿ. ಖಾಲಿ ಪ್ರೊಫೈಲ್‌ಗೆ ಕರೆದುಕೊಂಡು ಹೋಗುವ ಕೋಡ್‌ಗಿಂತ ಆ ಜಾಗದಲ್ಲಿ ಟ್ಯಾಲಿ, ಜಿಎಸ್‌ಟಿ ಗೊತ್ತು ಅಂತ ಬರೆಯುವುದು ಲೇಸು. ಸರ್ಕಾರಿ ಕೆಲಸದ ನಿಗದಿತ ಫಾರಂಗಳಲ್ಲೂ ಇದಕ್ಕೆ ಜಾಗವಿಲ್ಲ.

ಇನ್ನೊಂದು ಮಾತು. ಕೋಡ್ ಉಪಯೋಗವಾಗುವುದು ಕಾಗದ ಕೈಯಿಂದ ಕೈಗೆ ಹೋಗುವಾಗ. ವಾಕ್-ಇನ್ ಇಂಟರ್‌ವ್ಯೂ, ಜಾಬ್ ಫೇರ್, ಕ್ಯಾಂಪಸ್, ಹೋಟೆಲ್ ಮ್ಯಾನೇಜರ್‌ಗೆ ನೇರವಾಗಿ ಕೊಡುವ ಪ್ರತಿ, ಇಂಥಲ್ಲಿ. ಮೇಲ್‌ನಲ್ಲಿ ಕಳಿಸಿದ ರೆಸ್ಯೂಮೆಯನ್ನು ಮೊಬೈಲಿನಲ್ಲೇ ತೆರೆದವರು ಅದೇ ಮೊಬೈಲಿನಿಂದ ಅದನ್ನು ಸ್ಕ್ಯಾನ್ ಮಾಡುವುದು ಹೇಗೆ? ಅವರಿಗಾಗಿ ಬೇರೆ ವ್ಯವಸ್ಥೆ ಬೇಕು. ಹಂತ 6ರಲ್ಲಿ ಬರುತ್ತದೆ.

ಬೇಕಾದ ಸಾಮಾನು

ನಿಮ್ಮ ಸ್ವಂತ ಜಿಮೇಲ್ ಅಕೌಂಟ್, ವರ್ಡ್ ಅಥವಾ ಗೂಗಲ್ ಡಾಕ್ಸ್‌ನಲ್ಲಿರುವ ರೆಸ್ಯೂಮೆ, ಎರಡು ಬೇರೆ ಬೇರೆ ಮೊಬೈಲು. ಎರಡನೆಯದು ಅಮ್ಮನದೋ ಗೆಳೆಯನದೋ ಆದರೆ ಒಳ್ಳೆಯದು. ಯಾಕೆ ಅಂತ ಕೊನೆಯಲ್ಲಿ ಗೊತ್ತಾಗುತ್ತದೆ. ದುಡ್ಡು ಪ್ರಿಂಟಿಗೆ ಮಾತ್ರ.

ಹಂತ 1: ತೋರಿಸುವುದು ಏನು ಅಂತ ತೀರ್ಮಾನಿಸಿ

ಒಂದೇ ಒಂದು ಲಿಂಕ್ ಆರಿಸಿಕೊಳ್ಳಿ. ಲಿಂಕ್ಡ್‌ಇನ್‌ಗೆ ಒಂದು, ಇನ್‌ಸ್ಟಾಗ್ರಾಮ್‌ಗೆ ಒಂದು, ವಾಟ್ಸ್ಆ್ಯಪ್‌ಗೆ ಒಂದು ಅಂತ ಮೂರು ಕೋಡ್ ಸಾಲಾಗಿ ಹಾಕಿಸಿಕೊಂಡು ಹೋದವರಿದ್ದಾರೆ. ನೋಡಲು ಕಿರಾಣಿ ಅಂಗಡಿಯ ಗಲ್ಲಾ ಥರ ಕಾಣುತ್ತದೆ. ಅಂದಹಾಗೆ ಒಬ್ಬ ಹುಡುಗ ತನ್ನ ಯುಪಿಐ ಕೋಡನ್ನೇ ರೆಸ್ಯೂಮೆಗೆ ಅಂಟಿಸಿಕೊಂಡು ಬಂದಿದ್ದ. ಸ್ಕ್ಯಾನ್ ಮಾಡಿದರೆ "ಎಷ್ಟು ಕಳಿಸಬೇಕು?" ಅಂತ ಕೇಳುತ್ತಿತ್ತು! ಕೆಲಸ ಸಿಗುವ ಮೊದಲೇ ಸಂಬಳ.

ಕೆಲಸಕ್ಕೆ ತಕ್ಕಂತೆ ಲಿಂಕ್ ಹೀಗಿರಲಿ:

- ಡಿಸೈನ್, ಫೋಟೊ, ಅಡುಗೆ, ಫ್ಯಾಬ್ರಿಕೇಶನ್: ಕೆಲಸದ ಚಿತ್ರಗಳ ಒಂದು ಪಿಡಿಎಫ್ ಅಥವಾ ಪುಟ್ಟ ವೆಬ್ ಪುಟ. ಇದನ್ನೇ ಪೋರ್ಟ್‌ಫೋಲಿಯೊ ಅನ್ನುವುದು.
- ಸಾಫ್ಟ್‌ವೇರ್: ಗಿಟ್‌ಹಬ್, ಅಂದರೆ ಬರೆದ ಕೋಡನ್ನು ಇಡುವ ತಾಣ. ಅಲ್ಲಿ ಮೊದಲಿಗೆ ಕಾಣುವ ಪ್ರಾಜೆಕ್ಟ್‌ಗಳಿಗೆ ವಿವರಣೆ ಬರೆದಿರಲಿ.
- ಟೀಚರ್, ಸಂಗೀತ ಕಲಿಸುವವರು: ಒಂದೆರಡು ನಿಮಿಷದ ಯೂಟ್ಯೂಬ್ ವಿಡಿಯೊ.
- ಉಳಿದವರಿಗೆ: ಪೂರ್ತಿ ತುಂಬಿದ ಲಿಂಕ್ಡ್‌ಇನ್ ಪ್ರೊಫೈಲ್.

ರೆಸ್ಯೂಮೆಯದೇ ಪಿಡಿಎಫ್‌ಗೆ ಲಿಂಕ್ ಕೊಡಬೇಡಿ. ಅದು ಆಗಲೇ ಅವರ ಕೈಯಲ್ಲಿದೆ, ಅಲ್ವಾ? ಇನ್‌ಸ್ಟಾಗ್ರಾಮ್‌ನ ಖಾಸಗಿ ಅಕೌಂಟೂ ಬೇಡ. ಕೆಲಸಕ್ಕೆಂದೇ ಬೇರೆ ಅಕೌಂಟ್ ಇದ್ದರೆ ಆ ಮಾತು ಬೇರೆ.

ಇದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಆಧಾರ್, ಪ್ಯಾನ್, ಪಾಸ್‌ಪೋರ್ಟ್, ಸಂಬಳದ ಸ್ಲಿಪ್ ಇವುಗಳನ್ನು ಆ ಲಿಂಕಿನ ಹಿಂದೆ ಇಡಲೇಬೇಡಿ. ರೆಸ್ಯೂಮೆ ಎಲ್ಲಿಗೆ ಹೋಗುತ್ತದೆ, ಯಾರ ರದ್ದಿಗೆ ಸೇರುತ್ತದೆ ಅಂತ ನಿಮಗೆ ಗೊತ್ತಿರುವುದಿಲ್ಲ. ಹಳೆಯ ಕಂಪನಿಯ ಒಳಗಿನ ಡ್ರಾಯಿಂಗ್, ಗಿರಾಕಿಗಳ ಹೆಸರು ಇರುವ ಕೆಲಸವನ್ನೂ ಹಾಗೇ ಹಾಕಬೇಡಿ.

ಹಂತ 2: ಲಿಂಕನ್ನು ಸರಿಮಾಡಿ

ಹೆಚ್ಚಿನವರು ಎಡವುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

ಗೂಗಲ್ ಡ್ರೈವ್, ಅಂದರೆ ಇಂಟರ್‌ನೆಟ್‌ನಲ್ಲಿ ಫೈಲ್ ಇಡುವ ಜಾಗ ಬಳಸುವವರು: ಫೈಲನ್ನು ಡ್ರೈವ್‌ಗೆ ಹಾಕಿದಾಗ ಅದು ತಾನಾಗಿಯೇ "ರಿಸ್ಟ್ರಿಕ್ಟೆಡ್" ಆಗಿರುತ್ತದೆ. ಅಂದರೆ ನೀವು ಮಾತ್ರ ನೋಡಬಹುದು. ಶೇರ್ ಬಟನ್ ಒತ್ತಿ, ಕೆಳಗಿನ "ಜನರಲ್ ಆ್ಯಕ್ಸೆಸ್" ಅನ್ನುವಲ್ಲಿ "ಎನಿವನ್ ವಿತ್ ದ ಲಿಂಕ್" ಆರಿಸಿ. ಪಕ್ಕದಲ್ಲಿ "ವ್ಯೂವರ್" ಅಂತಲೇ ಇರಲಿ. "ಎಡಿಟರ್" ಅಂತ ಮಾಡಿದರೆ ಸ್ಕ್ಯಾನ್ ಮಾಡಿದವರು ನಿಮ್ಮ ಫೈಲನ್ನು ತಿದ್ದಲೂಬಹುದು. ಇದನ್ನು ಮಾಡದೆ ಹೋದರೆ ಇಂಟರ್‌ವ್ಯೂ ಮಾಡುವವರ ಪರದೆಯಲ್ಲಿ ಬರುವುದು "ರಿಕ್ವೆಸ್ಟ್ ಆ್ಯಕ್ಸೆಸ್" ಅನ್ನುವ ಬಟನ್. ಅದನ್ನು ಒತ್ತಿ, ನೀವು ಒಪ್ಪಿಗೆ ಕೊಡುವವರೆಗೆ ಅವರು ಕಾಯುತ್ತಾರಾ? ಮುಂದಿನವರನ್ನು ಕರೆಯುತ್ತಾರೆ.

ಕಾಲೇಜಿನ ಮೇಲ್ ಐಡಿಯಿಂದ ಅಪ್‌ಲೋಡ್ ಮಾಡಬೇಡಿ. ಕೆಲವು ಕಾಲೇಜುಗಳು ಹೊರಗಿನವರಿಗೆ ಶೇರ್ ಮಾಡುವುದನ್ನೇ ತಡೆದಿರುತ್ತವೆ. ಪಾಸಾಗಿ ಹೊರಬಂದ ಮೇಲೆ ಅಕೌಂಟ್ ಮುಚ್ಚಿದರೆ ಲಿಂಕೂ ಅದರ ಜೊತೆಗೇ ಸಾಯುತ್ತದೆ. ಆಫೀಸಿನ ಮೇಲ್‌ಗೂ ಇದೇ ಮಾತು. ಸ್ವಂತ ಜಿಮೇಲ್ ಬೇಕು ಅಂದಿದ್ದು ಇದಕ್ಕೇ.

ಪೋರ್ಟ್‌ಫೋಲಿಯೊ ಬದಲಾಯಿಸಬೇಕಾದಾಗ ಹಳೆಯ ಪಿಡಿಎಫ್ ಅಳಿಸಿ ಹೊಸದನ್ನು ಹಾಕುವವರು ಜಾಸ್ತಿ. ಹಾಗೆ ಮಾಡಿದರೆ ಲಿಂಕ್ ಬದಲಾಗುತ್ತದೆ. ಆಗಲೇ ಹಂಚಿದ ಪ್ರತಿಗಳೆಲ್ಲ ವ್ಯರ್ಥ. ಅದರ ಬದಲು ಕಂಪ್ಯೂಟರಿನಲ್ಲಿ ಡ್ರೈವ್ ತೆರೆದು, ಆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, "ಮ್ಯಾನೇಜ್ ವರ್ಶನ್ಸ್" ಹುಡುಕಿ, ಅಲ್ಲಿ ಹೊಸ ಪಿಡಿಎಫ್ ಅಪ್‌ಲೋಡ್ ಮಾಡಿ. ಲಿಂಕ್ ಅದೇ ಇರುತ್ತದೆ, ಒಳಗಿನ ಸರಕು ಮಾತ್ರ ಹೊಸದು.

ಇದಕ್ಕಿಂತಲೂ ನನಗೆ ಇಷ್ಟವಾದ ದಾರಿ ಗೂಗಲ್ ಸೈಟ್ಸ್. ಪುಕ್ಕಟೆಯಾಗಿ ಒಂದು ಪುಟದ ವೆಬ್‌ಸೈಟ್ ಮಾಡಬಹುದು, ಕೋಡಿಂಗ್ ಬೇಡ. ಹೆಸರು, ಎರಡು ಸಾಲು ಪರಿಚಯ, ಆರೆಂಟು ಚಿತ್ರ, ವಿಡಿಯೊ. ಅಷ್ಟು ಹಾಕಿ "ಪಬ್ಲಿಷ್" ಒತ್ತಿ. ಎಲ್ಲರಿಗೂ ಕಾಣುವಂತೆ ಇದೆಯಾ ನೋಡಿಕೊಳ್ಳಿ. ಮುಂದೆ ಏನು ಬದಲಾಯಿಸಿದರೂ ವಿಳಾಸ ಅದೇ. ಮೊಬೈಲಿನಲ್ಲೂ ನೀಟಾಗಿ ಕಾಣುತ್ತದೆ.

ಲಿಂಕ್ಡ್‌ಇನ್ ಬಳಸುವವರು ಮೊದಲು ವಿಳಾಸವನ್ನು ಚಿಕ್ಕದು ಮಾಡಿ. ಹೊಸ ಅಕೌಂಟಿನ ವಿಳಾಸದಲ್ಲಿ ಹೆಸರಿನ ಹಿಂದೆ ಒಂದಷ್ಟು ಅಂಕಿ-ಅಕ್ಷರದ ಬಾಲ ಇರುತ್ತದೆ. ಪ್ರೊಫೈಲ್ ಪುಟದಲ್ಲಿ "ಪಬ್ಲಿಕ್ ಪ್ರೊಫೈಲ್ ಆ್ಯಂಡ್ ಯುಆರ್‌ಎಲ್" ಅನ್ನುವಲ್ಲಿಗೆ ಹೋಗಿ ಬಾಲ ಕತ್ತರಿಸಿ, ಬರೀ ಹೆಸರು ಉಳಿಸಿ. ಅಲ್ಲೇ ಪ್ರೊಫೈಲ್ ಹೊರಗಿನವರಿಗೆ ಕಾಣುವಂತೆ ಇದೆಯಾ ಅಂತಲೂ ನೋಡಿ. ಇದನ್ನು ಕೋಡ್ ಮಾಡುವ ಮೊದಲೇ ಮುಗಿಸಿ, ಆಮೇಲೆ ಬದಲಾಯಿಸಿ ಗೊಂದಲ ಮಾಡಿಕೊಳ್ಳಬೇಡಿ.

ಯೂಟ್ಯೂಬ್ ವಿಡಿಯೊವನ್ನು "ಪ್ರೈವೇಟ್" ಇಡಬೇಡಿ. "ಅನ್‌ಲಿಸ್ಟೆಡ್" ಮಾಡಿದರೆ ಹುಡುಕಿದವರಿಗೆ ಸಿಗುವುದಿಲ್ಲ, ಲಿಂಕ್ ಇದ್ದವರಿಗೆ ಮಾತ್ರ ಕಾಣುತ್ತದೆ. ನಮಗೆ ಬೇಕಾದದ್ದು ಅದೇ.

ಕೊನೆಯದಾಗಿ ಫೈಲಿನ ತೂಕ. 40 ಎಂಬಿ ಪಿಡಿಎಫ್ ಆಫೀಸಿನ ಒಳಗಿನ ಕುಂಟು ನೆಟ್‌ವರ್ಕಿನಲ್ಲಿ ತೆರೆಯುವಷ್ಟರಲ್ಲಿ ಚಹಾ ತಣ್ಣಗಾಗುತ್ತದೆ. 5 ಎಂಬಿ ಒಳಗೆ ಇಳಿಸಿ.

ಹಂತ 3: ಕೋಡ್ ತಯಾರಿಸಿ

ಕೋಡ್‌ನಲ್ಲಿ ಎರಡು ಥರ. ಸ್ಟ್ಯಾಟಿಕ್ ಅಂದರೆ ನಿಮ್ಮ ಲಿಂಕೇ ಚೌಕದೊಳಗೆ ನೇರವಾಗಿ ಕೂತಿರುತ್ತದೆ. ಅದಕ್ಕೆ ಎಕ್ಸ್‌ಪೈರಿ ಇಲ್ಲ, ಯಾರ ಹಂಗೂ ಇಲ್ಲ. ಡೈನಮಿಕ್ ಅಂದರೆ ಚೌಕದೊಳಗೆ ಕೋಡ್ ಮಾಡಿಕೊಟ್ಟ ಕಂಪನಿಯ ಲಿಂಕ್ ಇರುತ್ತದೆ. ಸ್ಕ್ಯಾನ್ ಮಾಡಿದವರು ಮೊದಲು ಅವರ ಸರ್ವರ್‌ಗೆ ಹೋಗಿ, ಅಲ್ಲಿಂದ ನಿಮ್ಮ ಪುಟಕ್ಕೆ ಬರುತ್ತಾರೆ. ಎಷ್ಟು ಜನ ಸ್ಕ್ಯಾನ್ ಮಾಡಿದರು ಅನ್ನುವ ಲೆಕ್ಕ ಸಿಗುತ್ತದೆ, ನಿಜ. ಆದರೆ ದುಡ್ಡು ಕಟ್ಟುವುದು ನಿಲ್ಲಿಸಿದ ದಿನ ಬಾಗಿಲು ಮುಚ್ಚಬಹುದು.

ನಾನೇ ಒಮ್ಮೆ ಈ ಗುಂಡಿಗೆ ಬಿದ್ದಿದ್ದೇನೆ. ಅಂಗಡಿಯ ರೇಟ್ ಕಾರ್ಡಿಗೆ ಒಂದು "ಫ್ರೀ" ಸೈಟಿನಿಂದ ಕೋಡ್ ಮಾಡಿ ನೂರಾರು ಕಾರ್ಡ್ ಪ್ರಿಂಟ್ ಹಾಕಿದೆ. ಟ್ರಯಲ್ ಮುಗಿದದ್ದೇ ತಡ, ಸ್ಕ್ಯಾನ್ ಮಾಡಿದವರಿಗೆ ಆ ಸೈಟಿನ ಜಾಹೀರಾತು ಬರಲು ಶುರು. ಕಾರ್ಡ್‌ಗಳೆಲ್ಲ ರದ್ದಿಗೆ. ನಿಮ್ಮ ರೆಸ್ಯೂಮೆಗೆ ಸ್ಟ್ಯಾಟಿಕ್ ಸಾಕು. ಪುಟದ ಒಳಗೆ ಬದಲಾಯಿಸುವ ಸೌಕರ್ಯ ಹಂತ 2ರಲ್ಲೇ ಮಾಡಿಕೊಂಡಿರಲ್ಲ, ಮತ್ತೆ ಡೈನಮಿಕ್ ಯಾಕೆ?

ಗುರುತು ಹಿಡಿಯುವುದು ಸುಲಭ. ಕೋಡ್ ಮಾಡಿದ ಮೇಲೆ ಸ್ಕ್ಯಾನ್ ಮಾಡಿ ನೋಡಿ. ಮೊಬೈಲಿನಲ್ಲಿ ನಿಮ್ಮ ಲಿಂಕೇ ಕಂಡರೆ ಸ್ಟ್ಯಾಟಿಕ್. ಬೇರೆ ಯಾವುದೋ ಗುರುತಿಲ್ಲದ ಹೆಸರು ಕಂಡರೆ ಡೈನಮಿಕ್. ಆ ಸೈಟ್ ಬಿಟ್ಟು ಬೇರೆ ನೋಡಿ.

ಪುಕ್ಕಟೆ ದಾರಿಗಳು ಇವು:

- ಕಂಪ್ಯೂಟರಿನ ಕ್ರೋಮ್‌ನಲ್ಲಿ ನಿಮ್ಮ ಪುಟ ತೆರೆದು, ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ಕ್ಯೂಆರ್ ಕೋಡ್ ಮಾಡುವ ಆಯ್ಕೆ ಒತ್ತಿ. ತುಂಬಾ ಸುಲಭ. ಆದರೆ ನಡುವೆ ಒಂದು ಡೈನೋಸಾರ್ ಕೂತಿರುತ್ತದೆ! ಅವಸರಕ್ಕೆ ಅಡ್ಡಿಯಿಲ್ಲ, ರೆಸ್ಯೂಮೆಗೆ ನನಗೆ ಹಿಡಿಸುವುದಿಲ್ಲ.
- ಕ್ಯಾನ್ವಾ ಅನ್ನುವ ಡಿಸೈನ್ ತಾಣದಲ್ಲಿ ರೆಸ್ಯೂಮೆ ಮಾಡುವವರಿಗೆ ಅದರ ಆ್ಯಪ್‌ಗಳ ಪಟ್ಟಿಯಲ್ಲೇ ಕ್ಯೂಆರ್ ಕೋಡ್ ಇದೆ.
- ಲಿಬ್ರೆಆಫೀಸ್, ಅಂದರೆ ಪುಕ್ಕಟೆ ಸಿಗುವ ವರ್ಡ್‌ನಂಥ ಸಾಫ್ಟ್‌ವೇರ್. 6.4 ಮತ್ತು ಆಮೇಲಿನ ಆವೃತ್ತಿಗಳಲ್ಲಿ ಇನ್‌ಸರ್ಟ್ ಮೆನುವಿನ "ಒಎಲ್‌ಇ ಆಬ್ಜೆಕ್ಟ್" ಕೆಳಗೆ ಕ್ಯೂಆರ್ ಇದೆ. ಇಂಟರ್‌ನೆಟ್ ಕೂಡ ಬೇಡ. ಅಂಗಡಿಯಲ್ಲಿ ನಾನು ಬಳಸುವುದು ಇದನ್ನೇ.

ಸೇವ್ ಮಾಡುವಾಗ ಎಸ್‌ವಿಜಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಎಷ್ಟು ಹಿಗ್ಗಿಸಿದರೂ ಕುಗ್ಗಿಸಿದರೂ ಅಂಚು ಒಡೆಯದ ಚಿತ್ರ ಅದು. ಇಲ್ಲದಿದ್ದರೆ ಪಿಎನ್‌ಜಿ. ಜೆಪಿಜಿ ಬೇಡ, ಕಪ್ಪು-ಬಿಳಿಯ ಅಂಚಿನಲ್ಲಿ ಕೊಳೆ ಹತ್ತಿದ ಹಾಗೆ ಆಗುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಅಂಟಿಸುವುದಂತೂ ಬೇಡವೇ ಬೇಡ.

ಹಂತ 4: ಸೈಜು ಮತ್ತು ಬಣ್ಣ

ಚೌಕದೊಳಗೆ ಅಕ್ಷರ ಜಾಸ್ತಿಯಾದಷ್ಟೂ ಕಪ್ಪು-ಬಿಳಿ ಮನೆಗಳು ಜಾಸ್ತಿಯಾಗುತ್ತವೆ, ಒಂದೊಂದು ಮನೆಯೂ ಸಣ್ಣದಾಗುತ್ತದೆ. ಲೆಕ್ಕ ನೋಡಿ. 40 ಅಕ್ಷರದ ಲಿಂಕ್ಡ್‌ಇನ್ ವಿಳಾಸಕ್ಕೆ ಒಂದು ಸಾಲಿಗೆ 29 ಮನೆ ಸಾಕು. 80 ಅಕ್ಷರದ ಡ್ರೈವ್ ಲಿಂಕ್‌ಗೆ 37 ಬೇಕು. ಕೆಲವರು ಹೆಸರು, ಫೋನ್, ಮೇಲ್, ಮನೆ ವಿಳಾಸ ಎಲ್ಲವನ್ನೂ ಚೌಕದೊಳಗೇ ತುರುಕುತ್ತಾರೆ. ಆಗ 200 ಅಕ್ಷರ ದಾಟಿ, ಸಾಲಿಗೆ 57 ಮನೆ ಆಗಿಬಿಡುತ್ತದೆ. 2 ಸೆಂಟಿಮೀಟರಿನಲ್ಲಿ 57 ಮನೆ ಅಂದರೆ ಒಂದೊಂದೂ ಮೂರನೇ ಒಂದು ಮಿಲಿಮೀಟರಿನಷ್ಟು. ಟೋನರ್, ಅಂದರೆ ಪ್ರಿಂಟರಿನ ಕಪ್ಪು ಪುಡಿ, ಸ್ವಲ್ಪ ಹರಡಿದರೆ ಮುಗೀತು. ಲಿಂಕ್ ಚಿಕ್ಕದಿರಲಿ ಅಂತ ಒತ್ತಿ ಹೇಳುವುದು ಇದಕ್ಕೇ. ಡ್ರೈವ್ ಲಿಂಕಿನ ತುದಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಯಿಂದ ಶುರುವಾಗುವ "ಯುಎಸ್‌ಪಿ" ಬಾಲ ಇರುತ್ತದಲ್ಲ, ಅದನ್ನು ಅಳಿಸಿದರೂ ಲಿಂಕ್ ತೆರೆಯುತ್ತದೆ.

ಚಿಕ್ಕದು ಮಾಡಲು ಶಾರ್ಟ್ ಲಿಂಕ್ ಸೇವೆ ಬಳಸಬಹುದಲ್ಲ ಅಂತ ಕೇಳುತ್ತಾರೆ. ಬೇಡ. ಸ್ಕ್ಯಾನ್ ಮಾಡಿದಾಗ ಮೊಬೈಲು ಮೊದಲು ವಿಳಾಸ ತೋರಿಸುತ್ತದೆ. ಕ್ಯೂಆರ್ ಹೆಸರಲ್ಲಿ ಮೋಸ ನಡೆಯುವ ಕಾಲ ಇದು. ಗೂಗಲ್, ಲಿಂಕ್ಡ್‌ಇನ್ ಅಂತ ಕಂಡರೆ ಎಚ್‌ಆರ್‌ನವರು ಧೈರ್ಯವಾಗಿ ಒತ್ತುತ್ತಾರೆ. ಅರ್ಥವಾಗದ ಐದಾರು ಅಕ್ಷರ ಕಂಡರೆ ಕೈ ಹಿಂದೆ ತೆಗೆಯುತ್ತಾರೆ.

ಸೈಜು 2 ಸೆಂಟಿಮೀಟರಿಗಿಂತ ಕಡಿಮೆ ಬೇಡ, 2.5 ಇದ್ದರೆ ನಿರಾಳ. ಕೋಡಿನ ಅಗಲದ ಹತ್ತುಪಟ್ಟು ದೂರದಿಂದ ಸ್ಕ್ಯಾನ್ ಆಗುತ್ತದೆ ಅನ್ನುವುದು ಒಂದು ಅಂದಾಜು. ಅಂದರೆ ಮೇಜಿನ ಮೇಲಿಟ್ಟ ಹಾಳೆಗೆ 20-25 ಸೆಂಟಿಮೀಟರ್ ಮೇಲಿಂದ ಮೊಬೈಲು ಹಿಡಿದರೆ ಸಾಕು.

ಸುತ್ತ ನಾಲ್ಕು ಮನೆಯಷ್ಟು ಬಿಳಿ ಜಾಗ ಬಿಡಲೇಬೇಕು. ಇದಕ್ಕೆ ಕ್ವಯಟ್ ಝೋನ್ ಅನ್ನುತ್ತಾರೆ. ಚೌಕ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಕ್ಯಾಮೆರಾಗೆ ತಿಳಿಯುವುದು ಅದರಿಂದ. ನಮ್ಮ ಅಳತೆಗೆ ಸುತ್ತಲೂ 3.5 ಮಿಲಿಮೀಟರ್ ಇಡಿ. ಬಿಳಿ ಅಂಚು ಚಂದ ಕಾಣುವುದಿಲ್ಲ ಅಂತ ಕ್ರಾಪ್ ಮಾಡಿ, ಬಾರ್ಡರ್ ಗೆರೆ ಅಂಟಿಸಿ ತರುತ್ತಾರೆ. ನಾನು ತೆಗೆಸಿ ಕಳಿಸುತ್ತೇನೆ.

ಬಣ್ಣ? ಬಿಳಿಯ ಮೇಲೆ ಕಪ್ಪು. ಕಡುನೀಲಿ ನಡೆಯುತ್ತದೆ. ತಿಳಿಹಳದಿ, ಬೂದು, ಚಿನ್ನದ ಬಣ್ಣ ಬೇಡ. ಕಪ್ಪಿನ ಮೇಲೆ ಬಿಳಿ ಕೋಡ್ ಮಾಡಿದರೆ ಕೆಲವು ಫೋನುಗಳು ಓದುವುದೇ ಇಲ್ಲ.

ಎರರ್ ಕರೆಕ್ಷನ್ ಅಂತ ಒಂದು ಆಯ್ಕೆ ಕಾಣಬಹುದು. ಕೋಡ್ ಸ್ವಲ್ಪ ಹರಿದರೂ ಕಲೆಯಾದರೂ ಓದಲಾಗುವ ಶಕ್ತಿ ಅದು. ನಾಲ್ಕು ಮಟ್ಟ ಇವೆ: ಎಲ್, ಎಂ, ಕ್ಯೂ, ಎಚ್. ಕ್ರಮವಾಗಿ ಸುಮಾರು 7, 15, 25, 30 ಪ್ರತಿಶತ ಹಾಳಾದರೂ ತಾಳಿಕೊಳ್ಳುತ್ತವೆ. ಜಾಸ್ತಿ ಇದ್ದರೆ ಒಳ್ಳೆಯದಲ್ವಾ ಅಂತ ಎಚ್ ಆರಿಸಬೇಡಿ. ಆ 40 ಅಕ್ಷರದ ಲಿಂಕೇ 29ರ ಬದಲು 37 ಮನೆ ನುಂಗುತ್ತದೆ. ನಮಗೆ ಎಂ ಸಾಕು. ನಡುವೆ ಲೋಗೊ ಕೂರಿಸುವವರಿಗೆ ಎಚ್ ಬೇಕು, ರೆಸ್ಯೂಮೆಗೆ ಲೋಗೊ ಯಾಕೆ?

ಹಂತ 5: ಎಲ್ಲಿ ಇಡಬೇಕು

ಮೊದಲ ಪುಟದಲ್ಲೇ ಇರಲಿ. ಬಲಗಡೆ ಮೇಲೆ, ಹೆಸರು-ಫೋನಿನ ಸಾಲಿಗೆ ಎದುರಾಗಿ ಇಟ್ಟರೆ ಕಣ್ಣಿಗೆ ಬೀಳುತ್ತದೆ. ಆದರೆ ನಮ್ಮಲ್ಲಿ ಪಾಸ್‌ಪೋರ್ಟ್ ಸೈಜ್ ಫೋಟೊ ಅಂಟಿಸುವುದೂ ಅಲ್ಲೇ. ಫೋಟೊ ಕೇಳಿದ್ದರೆ ಕೋಡನ್ನು ಕೆಳಗೆ ಬಲಮೂಲೆಗೆ ಇಳಿಸಿ. ಎಡಗಡೆ ಬೇಡ: ಮೇಲಿನ ಎಡಮೂಲೆಗೆ ಸ್ಟೇಪ್ಲರ್ ಪಿನ್ನು, ಎಡ ಅಂಚಿಗೆ ಫೈಲಿನ ಪಂಚ್ ತೂತು ಬೀಳುತ್ತದೆ. ಮೂರು ಮೂಲೆಯಲ್ಲಿರುವ ದೊಡ್ಡ ಚೌಕಗಳಲ್ಲಿ ಒಂದಕ್ಕೆ ತೂತು ಬಿದ್ದರೆ ಯಾವ ಎರರ್ ಕರೆಕ್ಷನ್ನೂ ಕಾಪಾಡುವುದಿಲ್ಲ, ಯಾಕೆಂದರೆ ಕೋಡ್ ಎಲ್ಲಿದೆ ಅಂತ ಕ್ಯಾಮೆರಾ ಹುಡುಕುವುದೇ ಆ ಮೂರರಿಂದ. ಹಾಳೆ ಮಡಚುವ ಗೆರೆಯ ಮೇಲೂ ಬರದಂತೆ ನೋಡಿ.

ವರ್ಡ್‌ನಲ್ಲಿ ಚಿತ್ರ ಸೇರಿಸಿದ ಮೇಲೆ ಮೂಲೆ ಹಿಡಿದು ಎಳೆಯಿರಿ, ಬದಿ ಹಿಡಿದು ಎಳೆದರೆ ಚೌಕ ಹೋಗಿ ಆಯತ ಆಗುತ್ತದೆ.

ಕೆಳಗೆ ಒಂದು ಸಾಲು ಬರೆಯಿರಿ. ಸುಮ್ನೆ ಚೌಕ ಇಟ್ಟರೆ ಯಾರೂ ಸ್ಕ್ಯಾನ್ ಮಾಡುವುದಿಲ್ಲ. "ನಾನು ಮಾಡಿದ 8 ಕಿಚನ್ ಡಿಸೈನ್‌ಗಳ ಫೋಟೊ", "10ನೇ ತರಗತಿ ಗಣಿತ ಪಾಠ, 2 ನಿಮಿಷ" ಅಂತ ಒಳಗೆ ಏನಿದೆ ಅನ್ನುವುದನ್ನೇ ಬರೆಯಿರಿ. ರೆಸ್ಯೂಮೆ ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲಿ.

ಹಂತ 6: ಲಿಂಕನ್ನು ಅಕ್ಷರದಲ್ಲೂ ಬರೆಯಿರಿ, ಆಮೇಲೆ ಪಿಡಿಎಫ್ ಮಾಡಿ

ದೊಡ್ಡ ಕಂಪನಿಗಳಲ್ಲಿ ರೆಸ್ಯೂಮೆಯನ್ನು ಮೊದಲು ಓದುವುದು ಮನುಷ್ಯರಲ್ಲ, ಎಟಿಎಸ್. ಅರ್ಜಿಗಳನ್ನು ಜಾಲಾಡಿ ವಿಂಗಡಿಸುವ ಸಾಫ್ಟ್‌ವೇರ್. ಅದು ಅಕ್ಷರ ಓದುತ್ತದೆ, ಚಿತ್ರವನ್ನು ಸಾಮಾನ್ಯವಾಗಿ ದಾಟಿಕೊಂಡು ಹೋಗುತ್ತದೆ. ಹಾಗಾಗಿ ಫೋನ್ ನಂಬರ್, ಮೇಲ್ ಇವುಗಳನ್ನು ಕೋಡಿನೊಳಗೆ ಮಾತ್ರ ಇಟ್ಟು ಕೈತೊಳೆದುಕೊಂಡರೆ ನಿಮ್ಮನ್ನು ಕರೆಯಲು ನಂಬರೇ ಇರುವುದಿಲ್ಲ. ಎಲ್ಲವೂ ಅಕ್ಷರದಲ್ಲಿ ಇರಲಿ. ಪೋರ್ಟ್‌ಫೋಲಿಯೊ ಲಿಂಕೂ ಕಾಂಟ್ಯಾಕ್ಟ್ ಸಾಲಿನಲ್ಲಿ ಇರಲಿ.

ಆ ಅಕ್ಷರಕ್ಕೂ ಕೋಡಿನ ಚಿತ್ರಕ್ಕೂ ಹೈಪರ್‌ಲಿಂಕ್ ಕೊಡಿ, ಅಂದರೆ ಒತ್ತಿದರೆ ಪುಟ ತೆರೆಯುವಂತೆ. ವರ್ಡ್‌ನಲ್ಲಿ ಚಿತ್ರ ಆರಿಸಿ ಕಂಟ್ರೋಲ್-ಕೆ ಒತ್ತಿ, ಲಿಂಕ್ ಅಂಟಿಸಿ. ಮೊಬೈಲಿನಲ್ಲಿ ರೆಸ್ಯೂಮೆ ತೆರೆದವರ ಸಮಸ್ಯೆ ಅಲ್ಲಿಗೆ ಮುಗಿಯಿತು. ಪುಣೆಯ ಕೆಲವು ಕಾರ್ಖಾನೆಗಳ ಹಾಗೆ ಮೊಬೈಲ್ ಒಳಗೆ ಬಿಡದ ಕಡೆ ಕೂತವರಿಗೂ ಈ ಅಕ್ಷರದ ಲಿಂಕೇ ಗತಿ.

ವರ್ಡ್‌ನಿಂದ ಪಿಡಿಎಫ್ ಮಾಡುವಾಗ "ಮಿನಿಮಮ್ ಸೈಜ್" ಆರಿಸಬೇಡಿ, ಚಿತ್ರ ಮಸುಕಾಗುತ್ತದೆ. "ಸ್ಟ್ಯಾಂಡರ್ಡ್" ಇರಲಿ. ಪ್ರಿಂಟ್ ಅಂಗಡಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆದರೆ ವಾಟ್ಸ್ಆ್ಯಪ್ ಅದನ್ನು ಹಿಂಡಿ ಹಿಪ್ಪೆ ಮಾಡಿಬಿಡುತ್ತದೆ.

ಹಂತ 7: ಪ್ರಿಂಟ್ ತೆಗೆದು ಪರೀಕ್ಷೆ ಮಾಡಿ

ಪರದೆಯ ಮೇಲೆ ಸ್ಕ್ಯಾನ್ ಆಯಿತು ಅಂತ ಖುಷಿಪಡಬೇಡಿ. ಮೊದಲು ಒಂದೇ ಪ್ರತಿ ತೆಗೆಸಿ, 20 ಅಲ್ಲ. ಲೇಸರ್ ಪ್ರಿಂಟ್ ಆಗಿರಲಿ. ಇಂಕ್‌ಜೆಟ್ ಪ್ರಿಂಟ್ ತೆಗೆದರೆ ಮುಂಬಯಿಯ ಮಳೆಗಾಲದಲ್ಲಿ ಒಂದು ಹನಿ ಬಿದ್ದರೂ ಚೌಕ ಹರಡುತ್ತದೆ. ಬಣ್ಣದ ಪ್ರಿಂಟ್ ಬೇಕಿಲ್ಲ. ಡ್ರಾಫ್ಟ್ ಮೋಡ್, ಅಂದರೆ ಟೋನರ್ ಉಳಿಸುವ ಮಸುಕು ಪ್ರಿಂಟ್ ಬೇಡ ಅಂತ ಅಂಗಡಿಯವರಿಗೆ ಮೊದಲೇ ಹೇಳಿ.

ಈಗ ಆ ಎರಡನೇ ಮೊಬೈಲು. ನಿಮ್ಮ ಮೊಬೈಲಿನಲ್ಲಿ ನೀವು ಲಾಗಿನ್ ಆಗಿರುತ್ತೀರಿ. ಡ್ರೈವ್ ಬೀಗ ಹಾಕಿದ್ದರೂ ನಿಮಗೆ ತೆರೆಯುತ್ತದೆ, ಹೊರಗಿನವರಿಗೆ ಅಲ್ಲ. ಅದಕ್ಕೇ ಬೇರೆಯವರ ಫೋನಿನಲ್ಲಿ, ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ಬೇರೆ ಫೋನ್ ಸಿಗದಿದ್ದರೆ ನಿಮ್ಮದರಲ್ಲೇ ಇನ್‌ಕಾಗ್ನಿಟೊ, ಅಂದರೆ ಲಾಗಿನ್ ಇಲ್ಲದ ಕಿಟಕಿ ತೆರೆದು ಲಿಂಕ್ ಅಂಟಿಸಿ. ಸ್ಕ್ಯಾನ್ ಮಾಡಿದ ಮೇಲೆ ಏನಾಗುತ್ತದೆ ಗಮನಿಸಿ. ಲಾಗಿನ್ ಕೇಳಿತಾ? ಆ್ಯಪ್ ಇನ್‌ಸ್ಟಾಲ್ ಮಾಡು ಅಂದಿತಾ? ಅಕ್ಷರ ಹಿಗ್ಗಿಸಿ ಓದಬೇಕಾಯಿತಾ? ಒಂದೊಂದು ಅಡ್ಡಿಗೂ ನೋಡುವವರ ತಾಳ್ಮೆ ಕಡಿಮೆಯಾಗುತ್ತಾ ಹೋಗುತ್ತದೆ.

ಮತ್ತೊಂದು ಪರೀಕ್ಷೆ. ಆ ಪ್ರಿಂಟಿನ ಜೆರಾಕ್ಸ್ ತೆಗೆಸಿ, ಜೆರಾಕ್ಸ್ ಪ್ರತಿಯನ್ನು ಸ್ಕ್ಯಾನ್ ಮಾಡಿ. ಆಫೀಸಿನಲ್ಲಿ ನಿಮ್ಮ ರೆಸ್ಯೂಮೆಯ ಪ್ರತಿ ತೆಗೆದು ಮೂರು ಜನರಿಗೆ ಹಂಚುವುದು ಮಾಮೂಲು. ಪ್ಲಾಸ್ಟಿಕ್ ಫೋಲ್ಡರಿನೊಳಗೆ ಇಟ್ಟು ಟ್ಯೂಬ್‌ಲೈಟ್ ಕೆಳಗೆ ಒಮ್ಮೆ ನೋಡಿ, ಹೊಳಪಿಗೆ ಕ್ಯಾಮೆರಾ ತಬ್ಬಿಬ್ಬಾಗಬಹುದು. ಹಾಗಾದರೆ ಕೊಡುವಾಗ ಹಾಳೆಯನ್ನು ಹೊರಗೆ ತೆಗೆದು ಕೊಡಿ. ಇಷ್ಟೂ ದಾಟಿತು ಅಂದರೆ ಬೇಕಾದಷ್ಟು ಪ್ರತಿ ತೆಗೆಸಿ.

ಹಂತ 8: ಕೊಟ್ಟ ಮೇಲೆ

ಇಂಟರ್‌ವ್ಯೂ ಹಿಂದಿನ ರಾತ್ರಿ ಮತ್ತೊಮ್ಮೆ ಸ್ಕ್ಯಾನ್ ಮಾಡಿ ನೋಡಿ. ಪೋರ್ಟ್‌ಫೋಲಿಯೊದ ಪಿಡಿಎಫ್ ಒಂದನ್ನು ಮೊಬೈಲಿನಲ್ಲೂ ಇಟ್ಟುಕೊಳ್ಳಿ. ಅವರ ಆಫೀಸಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ "ಸರ್, ನನ್ನ ಫೋನಿನಲ್ಲಿದೆ, ತೋರಿಸಲಾ?" ಅಂತ ಕೇಳಬಹುದು. ಅವರಾಗಿ ಸ್ಕ್ಯಾನ್ ಮಾಡದಿದ್ದರೆ ಮಾಡಿ ಅಂತ ಒತ್ತಾಯಿಸಲು ಹೋಗಬೇಡಿ.

ಕೆಲಸ ಸಿಕ್ಕಿತು ಅಂತ ಮರುದಿನವೇ ಡ್ರೈವ್ ಖಾಲಿ ಮಾಡುವುದೂ ಬೇಡ. ಅಲ್ಲಿ ಇಲ್ಲಿ ಕೊಟ್ಟ ಪ್ರತಿಗಳು ಇನ್ನೂ ಯಾರದೋ ಡ್ರಾವರಿನಲ್ಲಿ ಇರುತ್ತವೆ, ಮೂರು ತಿಂಗಳ ಮೇಲೆ ಇದಕ್ಕಿಂತ ಒಳ್ಳೆಯ ಕಡೆಯಿಂದ ಯಾರಾದರೂ ಸ್ಕ್ಯಾನ್ ಮಾಡಬಹುದು. ಡ್ರೈವ್‌ನಲ್ಲಿ ಆ ಫೈಲ್ ಇರುವ ಫೋಲ್ಡರಿಗೆ "ಅಳಿಸಬಾರದು" ಅಂತಲೇ ಹೆಸರಿಡಿ. ಫೋಲ್ಡರಿನ ಹೆಸರು ಬದಲಾಯಿಸಿದರೆ ಲಿಂಕಿಗೆ ಏನೂ ಆಗುವುದಿಲ್ಲ.